ಕೆಂಪು ಹಿಡಿಕೆಯ ಮೇಲಿನ ಕೈ

ಅಥವಾ ವಿಮಾನದ ಎಂಜಿನ್ ಕೆಮ್ಮುವ ಮೊದಲೇ ನನ್ನ ಕೈ ಕೆಂಪು ಹಿಡಿಕೆಗೆ ಹೋಗಿತ್ತೋ ಏನೋ. ಹಾಗೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಇವತ್ತು ರಾಣೆಬೆನ್ನೂರಿನ ಕಾಕಾನ ಗ್ಯಾರೇಜಿನಲ್ಲಿ ಕೂತಾಗ, ಪೆಟ್ರೋಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಕೈಯ ಮೇಲೇ ಅನುಮಾನ ಬಂತು.

ಪಕ್ಕದಲ್ಲಿ ಅಕ್ಕನ ಮಗಳು ಪಲ್ಲವಿ. ರಜೆಗೆಂದು ಹಾವೇರಿಗೆ ಬಂದವಳು ಸಂಜೆಯ ರೈಲಿಗೆ ವಿಮಾನ ಹಾರಿಸಲು ಕಲಿಸುವ ಶಾಲೆಗೆ ಹೊರಟಿದ್ದಾಳೆ. ಸೋಮವಾರ ಮೊದಲ ಸಲ ಒಬ್ಬಳೇ ದೂರದ ಊರಿಗೆ ಹಾರಬೇಕು. ನಾನೂ ಒಂದು ಕಾಲಕ್ಕೆ ಅದನ್ನೇ ಕಲಿಯಲು ಹೋಗಿ, ಅರ್ಧಕ್ಕೆ ಬಿಟ್ಟು, ಬೀಜದ ಕಂಪನಿ ಸೇರಿದವಳು. ಅರ್ಧಕ್ಕೆ ಬಿಟ್ಟದ್ದು ನಿಮಗೂ ಒಂದು ಇರಬಹುದು. ಅದರ ಕಥೆಯನ್ನು ಮನೆಯವರು ನಮಗಿಂತ ಚೆಂದ ಹೇಳುತ್ತಾರೆ.

ಕಾಕಾ ಬ್ಯಾಡಗಿಯ ದಲಾಲರೊಬ್ಬರ ಹಳೆಯ ಸ್ಕೂಟರಿನ ಏರ್ ಫಿಲ್ಟರ್ ಬಿಚ್ಚಿದ. ಮೂವರೂ ಸೀನಿದೆವು. ಮೆಣಸಿನಕಾಯಿ ಧೂಳು ಗಾಳಿಯ ದಾರಿ ಕಟ್ಟಿದರೆ ಪೆಟ್ರೋಲಿನ ಪಾಲು ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಫಿಲ್ಟರ್ ಝಾಡಿಸಿ ಕೂಡಿಸಿದ ಮೇಲೆ ಕಾಕಾ ಪೆಟ್ರೋಲಿನ ಪಾಲು ಹೊಂದಿಸುವ ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತ ಎಂಜಿನ್ನನ್ನು ಇನ್ನೇನು ನಿಂತೀತು ಎನ್ನುವಲ್ಲಿಗೆ ತರುತ್ತಾನೆ. ಆಮೇಲೆ ಅರ್ಧ ಸುತ್ತು ಹಿಂದಕ್ಕೆ. ಕೊನೆಗೆ ಸ್ಕ್ರೂ ತಲೆಗೆ ಕೆಂಪು ಬಣ್ಣದ ಚುಕ್ಕೆ. ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ.

ಸಣ್ಣ ವಿಮಾನದಲ್ಲೂ ಹೆಚ್ಚುಕಡಿಮೆ ಅದೇ ಕೆಲಸ. ಸ್ಕ್ರೂ ಬದಲು ಕೆಂಪು ಹಿಡಿಕೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಹಿಡಿಕೆ ಎಳೆದು ಇಂಧನ ಕಡಿಮೆ ಮಾಡಬೇಕು, ಎಂಜಿನ್ ತೊದಲಿದರೆ ತುಸು ಒಳಗೆ ಒತ್ತಬೇಕು. ನಾನು ಬರೀ ಕಿವಿಯಿಂದಲೇ ಮಾಡುತ್ತಿದ್ದೆ. ಆದರೆ ಇಳಿಯುವಾಗ ಗಾಳಿ ದಟ್ಟವಾಗುತ್ತದೆ, ಹಿಡಿಕೆಯನ್ನು ಮತ್ತೆ ಒತ್ತುತ್ತ ಬರಬೇಕು. ಕಾಕಾನ ಸ್ಕೂಟರುಗಳಿಗೆ ರಾಣೆಬೆನ್ನೂರಾದರೇನು, ಹಾವೇರಿಯಾದರೇನು, ಒಂದೇ ಗಾಳಿ. ಒಮ್ಮೆ ಕೂಡಿಸಿದ್ದನ್ನು ಮುಟ್ಟಬಾರದೆಂದು ಕಲಿತು ಬೆಳೆದವಳು ನಾನು. ಅವತ್ತು ಇಳಿಯುವಾಗಲೂ ಮುಟ್ಟಲಿಲ್ಲ.

ಕೆಳಗೆ ಹೊಲಗಳು ದೊಡ್ಡವಾಗುತ್ತಿದ್ದವು. ಜೋಳದ ಹೊಲ ಎಂದು ನೆನಪು; ಅಷ್ಟೆತ್ತರದಿಂದ ಜೋಳದ ಗುರುತು ಸಿಕ್ಕೀತೇ? ಎಂಜಿನ್ನಿನ ಬಲ ಹೆಚ್ಚಿಸಲು ಥ್ರಾಟಲ್ ಕೊಟ್ಟೆ. ಇಂಧನ ಸಾಲದೆ ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಕೆಂಪು ಹಿಡಿಕೆಯ ಮೇಲೆ ಒಂದು ಕೈ. ಹಿಡಿಕೆ ಒಳಗೆ ಹೋಯಿತು, ಎಂಜಿನ್ ಮತ್ತೆ ಹಿಡಿಯಿತು. ಪಕ್ಕದಲ್ಲಿದ್ದ ಬೋಧಕರು ಇಳಿದ ಮೇಲೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

"ನಿಮ್ಮ ಚಿಗವ್ವ ಬರೇ ಸಪ್ಪಳ ಕೇಳಿ ಬಂದ್ ಬೀಳೂ ಎಂಜಿನ್ ಹಿಡದ್ಲವ್ವ," ಕಾಕಾ ಶುರು ಮಾಡಿದ. "ಬಾಜೂಕಿನ ಸಾಹೇಬ ಪಿಳಿಪಿಳಿ ನೋಡಾಕತ್ತಿದ್ದ."

"ನೀ ಹಿಂದಿನ ಸೀಟಿನ್ಯಾಗ ಕುಂತಿದ್ದೇನು ಅಜ್ಜಾ?" ಪಲ್ಲವಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಕಿವಿ ಅದಾವ ಬಿಡ ಚಿಗವ್ವ. ಚೆಕ್‌ಲಿಸ್ಟ್ ಓದಕೋಂತ ಯಾರು ಕುಂದರ್ತಾರ? ನೀ ಮಾಡಿದಂಗ ಮಾಡ್ತೇನಿ."

ಸೋಮವಾರ ಅವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ.

"ನಾ ಮರತಿದ್ದೆ, ಪಲ್ಲು," ಎಂದೆ. "ಇಳಿಯೂ ಮುಂದ ಆ ಕೆಂಪು ಹಿಡಿಕಿ ಒತ್ತೂದ ಮರತಿದ್ದೆ."

"ಮತ್ತ ಒತ್ತಿದವರು ಯಾರು?"

ನಾನು ಸ್ಕ್ರೂ ಮೇಲಿನ ಕೆಂಪು ಚುಕ್ಕೆಯ ಕಡೆ ನೋಡಿದೆ. ನಿಂತ ಸ್ಕೂಟರಿನ ಎಂಜಿನ್ ಸಮನಾಗಿ ಓಡುತ್ತಿತ್ತು.

"ಹಂಗಾರ ಇಷ್ಟ ವರ್ಷ ನಾ ಮಂದಿಗೆ ಸುಳ್ಳ ಹೇಳಕೋಂತ ಬಂದ್ನೇನು?" ಕಾಕಾ ಕೇಳಿದ.

"ನಿನಗ ಹೇಳಿದಾಕಿ ನಾನ, ಕಾಕಾ."

ಅವನು ಎಂಜಿನ್ ಬಂದ್ ಮಾಡಿದ. ಬಣ್ಣದ ಕುಂಚ ಎತ್ತಿಕೊಂಡು ಪಲ್ಲವಿಯ ಮುಂದೆ ಕೈ ಚಾಚಿದ: "ಆ ಚೆಕ್‌ಲಿಸ್ಟಿನ ಕಾಗದ ತಗಿ. ಇಳಿಯೂ ಮುಂದಿಂದು ಎಲ್ಲೈತಿ, ತೋರ್ಸು." ಅವಳು ಬೆರಳಿಟ್ಟ ಸಾಲಿನ ಪಕ್ಕ ಕುಂಚದಿಂದ ಒಂದು ಕೆಂಪು ಚುಕ್ಕೆ ಇಟ್ಟ. "ಇದನ್ನ ಮುಟ್ಟಬೇಕು. ತಿಳೀತಿಲ್ಲೋ?"

ರೈಲು ಹೋಗಿದೆ. ಚುಕ್ಕೆ ಒಣಗುವ ತನಕ ಅವಳು ಆ ಕಾಗದವನ್ನು ಮಡಚಲಿಲ್ಲ, ಅಷ್ಟನ್ನು ನೋಡಿದ್ದೇನೆ. ಸೋಮವಾರ ಇನ್ನೂ ಬಂದಿಲ್ಲ. ಆ ಕೈ ನನ್ನದೋ ಬೋಧಕರದೋ, ನನಗೆ ಗೊತ್ತಿಲ್ಲ.