ಕೊನೆ ಮಾತ್ರ ಗೊತ್ತಿರುವ ಲೈಟಕ್ಕ

"ಬಿಡಕ್ಕಾ, ಎಷ್ಟು ದಿನ ಅಂತ ತಲೆ ಕೆಡಿಸ್ಕೊಳ್ತೀಯ? ನಾನೇ ಹೇಳ್ಬಿಡ್ತೀನಿ ಕೇಳು. ಗೋಡೆಯಾಚೆ ಇರೋನು ಯಾರಪ್ಪಾ ಅಂದ್ರೆ..."

ಚಿತ್ರಮಂದಿರದ ಗೇಟಿನಲ್ಲಿ ಟಿಕೆಟ್ ಹರಿಯುವವನು ಇಷ್ಟು ಹೇಳುವಷ್ಟರಲ್ಲಿ ಲೈಟಕ್ಕ ಬಕೆಟ್ಟನ್ನು ದಡಕ್ಕನೆ ಕುಕ್ಕಿ, ಒದ್ದೆ ಕೈಯಲ್ಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. "ಹೇಳಿದ್ರೆ ನೋಡು, ಈ ಬಕೆಟ್ ನಿನ್ನ ತಲೆ ಮೇಲೆ! ನಾನೇ ಕಣ್ಣಾರೆ ನೋಡ್ಬೇಕು."

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ನಿನ್ನೆಯ ಕೊನೆ ಆಟದ ವಾಸನೆ ಹಾಗೇ ಕೂತಿದೆ: ಮೆತ್ತಗಾದ ಪಾಪ್‌ಕಾರ್ನ್, ಚೆಲ್ಲಿದ ಸಿಹಿ ಪಾನೀಯ, ಯಾರದೋ ಸೆಂಟು. ಲೈಟಕ್ಕ ಹಿಂದಿನ ಸಾಲಿನಿಂದ ಪರದೆಯ ಕಡೆಗೆ ಗುಡಿಸುತ್ತ ಇಳಿಯುತ್ತಾರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮೊರ. ಹಾಗಾಗಿ ತೆರೆದುಕೊಂಡೇ ಉಳಿದ ಹಳೆಯ ಸೀಟುಗಳನ್ನು ಮೊಣಕಾಲಿನಿಂದಲೇ ಮೇಲಕ್ಕೆ ತಳ್ಳುವುದು. ಟಪ್, ಟಪ್, ಟಪ್ ಎಂದು ಸೀಟುಗಳು ಮಡಚಿಕೊಳ್ಳುತ್ತ ಹೋಗುತ್ತವೆ. "ನನ್ನ ಮೊಣಕಾಲು ಕಂಡ್ರೆ ಇವಕ್ಕೆ ಭಯ," ಎನ್ನುತ್ತಾರೆ. ಸೀಟಿನ ಸಂದಿಯಲ್ಲಿ ಒಂಟಿ ಓಲೆ ಸಿಗುತ್ತದೆ, ಮಗುವಿನ ಒಂದೇ ಕಾಲುಚೀಲ ಸಿಗುತ್ತದೆ. "ಜೋಡಿ ಬಿಟ್ಟು ಬಂದಿದ್ದೆಲ್ಲ ನನ್ನ ಹತ್ರಾನೇ ಬಂದು ಸೇರ್ಕೊಳ್ತವೆ ನೋಡಿ."

ಮೊದಲು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಗಂಡ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಲಾಂಡ್ರಿಯೂ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಸಿನಿಮಾ ಮನೆಯ ಕೆಲಸ ಅಂದರೆ ದಿನಾ ಸಿನಿಮಾ ನೋಡಬಹುದು ಎಂದುಕೊಂಡಿದ್ದರಂತೆ. ಆದದ್ದೇ ಬೇರೆ. ಪ್ರತಿ ಆಟದ ಕೊನೆಯ ಹತ್ತು ನಿಮಿಷ ಪೊರಕೆ ಹಿಡಿದು ಬಾಗಿಲ ಬಳಿ ನಿಂತಿರಬೇಕು, ಜನ ಏಳುವಷ್ಟರಲ್ಲಿ ಗುಡಿಸಲು ಶುರು ಮಾಡಬೇಕು. ಹಾಗಾಗಿ ಅವರಿಗೆ ಗೊತ್ತಿರುವುದೆಲ್ಲ ಕೊನೆಗಳು ಮಾತ್ರ. "ಹುಡುಗ ಹುಡುಗಿ ಜಗಳ ಯಾಕೆ ಆಡಿದ್ರೋ ಗೊತ್ತಿಲ್ಲ, ರಾಜಿ ಆಗೋದು ಮಾತ್ರ ನೋಡಿದೀನಿ. ಎಷ್ಟೋ ಸಲ ಸತ್ತೋರನ್ನ ನೋಡಿ ಅತ್ತಿದೀನಿ, ಸತ್ತಿದ್ದು ಯಾರು ಅಂತಾನೇ ಗೊತ್ತಿಲ್ದೆ."

ಲೈಟಕ್ಕ ಎಂಬ ಹೆಸರು ಬಂದದ್ದು ಈಗ ಓಡುತ್ತಿರುವ ಸಿನಿಮಾದಿಂದ. ಕಾಮಿಕ್ಸ್ ಪುಸ್ತಕವೊಂದನ್ನು ಪರದೆಗೆ ತಂದಿದ್ದಾರೆ. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಒಂದು ನಗರ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಪಕ್ಕದವರ ಜೊತೆ ಮಾತಾಡಿದರೆ ಶಿಕ್ಷೆ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ, ಹುಕುಂ ಧ್ವನಿವರ್ಧಕದಿಂದ. ಪುಸ್ತಕ ಓದಿ ಹುಚ್ಚು ಹಿಡಿಸಿಕೊಂಡ ಹುಡುಗರು ಸಿನಿಮಾದವರಂತೆಯೇ ಬೂದು ಕೋಟು ತೊಟ್ಟು ಬರುತ್ತಾರೆ.

ಈ ಚಿತ್ರಮಂದಿರದಲ್ಲಿ ದೀಪದ ಸ್ವಿಚ್ಚು ಇರುವುದು ಹಿಂಬಾಗಿಲ ಪಕ್ಕ. ಪರದೆಯ ಮೇಲೆ ಹೆಸರುಗಳು ಏಳಲು ಶುರುವಾದರೆ ಸ್ವಿಚ್ಚು ಒತ್ತುವುದು ಗುಡಿಸುವವರ ಪದ್ಧತಿ. ಮೊದಲ ದಿನದ ಮೊದಲ ಆಟದಲ್ಲೂ ಅವರು ಒತ್ತಿದರು. ಇಡೀ ಸಭಾಂಗಣ ಹೋ ಎಂದು ಕಿರುಚಿತು! ಪುಸ್ತಕ ಓದಿದ್ದವರಿಗೆ ಗೊತ್ತಿತ್ತು, ಕಥೆ ಮುಗಿದಿರಲಿಲ್ಲ. ಹೆಸರುಗಳೆಲ್ಲ ಹೋದ ಮೇಲೆ ಇನ್ನೊಂದು ಪುಟ್ಟ ದೃಶ್ಯವಿತ್ತು. ನಾಯಕಿ ತನ್ನ ಕೋಣೆಯ ಗೋಡೆಯನ್ನು ಮೂರು ಸಲ ತಟ್ಟುತ್ತಾಳೆ. ಕಾಯುತ್ತಾಳೆ. ಆಚೆಯಿಂದ ಯಾರೋ ಮೂರು ಸಲ ತಟ್ಟುತ್ತಾರೆ. ಅಂದು ಕಿರುಚಾಟ ಯಾಕೆಂದು ತಿಳಿಯದೆ ಅವರು ಆರಿಸದೇ ಬಿಟ್ಟ ದೀಪದ ಬೆಳಕಿಗೆ ಪರದೆ ಬೆಳ್ಳಗಾಗಿ ಅದು ಯಾರಿಗೂ ಕಾಣಲೇ ಇಲ್ಲ. ಮ್ಯಾನೇಜರ್ ಜನರಿಂದ ಬೈಸಿಕೊಂಡರು, ಗೇಟಿನವನು ಹೆಸರಿಟ್ಟ.

ಅಂದಿನಿಂದ ಹೆಸರುಗಳು ಮುಗಿಯುವವರೆಗೂ ಕತ್ತಲಲ್ಲಿ ನಿಲ್ಲುವುದು ಅವರ ಕೆಲಸ. ಗೋಡೆ ತಟ್ಟುವ ಸದ್ದಿಗೆ ಪ್ರತಿ ಆಟದಲ್ಲೂ ಜನ ಒಂದೇ ಗಂಟಲಲ್ಲಿ ಕೂಗುತ್ತಾರೆ, ಕೆಲವರು ಅಳುತ್ತಾರೆ. ಆಚೆ ಇರುವವರು ಯಾರೆಂದು ಇಡೀ ಸಭಾಂಗಣಕ್ಕೆ ಗೊತ್ತು, ಲೈಟಕ್ಕನಿಗೆ ಮಾತ್ರ ಗೊತ್ತಿಲ್ಲ.

ಅವರದ್ದೂ ಒಂದೇ ಕೋಣೆಯ ಬಾಡಿಗೆ ಮನೆ. ಒಂದು ಸಂಜೆ, ಏನನ್ನಿಸಿತೋ, ತಮ್ಮ ಗೋಡೆಯನ್ನೂ ಮೂರು ಸಲ ತಟ್ಟಿದರಂತೆ. ಪಕ್ಕದ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದಾರೆ, ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುವಷ್ಟೇ ಪರಿಚಯ. "ಪಾಪ, ಗಲಾಟೆ ಆಯ್ತು ಅಂತ ನಾನು ಬೈದೆ ಅಂದ್ಕೊಂಡ್ರೋ ಏನೋ, ಟೀವಿ ಸೌಂಡ್ ಕಮ್ಮಿ ಮಾಡ್ಬಿಟ್ರು. ಅವತ್ತಿಂದ ಒಂದು ಚೂರೂ ಕೇಳಲ್ಲ. ಅದನ್ನ ಕೇಳ್ಕೊಂಡೇ ಅಲ್ವಾ ನಾನು ಊಟ ಮಾಡ್ತಿದ್ದಿದ್ದು?" ಎಂದು ನಗುತ್ತಾರೆ. ನಕ್ಕವರು ಎದುರಿನ ಸೀಟನ್ನು ಒಂದೇ ಸಮನೆ ಒರೆಸುತ್ತಾರೆ, ಅದು ಆಗಲೇ ಫಳಫಳ ಹೊಳೆಯುತ್ತಿದ್ದರೂ.

ನಾಳೆ ಸಿನಿಮಾ ಎತ್ತಂಗಡಿ. ಇವತ್ತಿನ ಆಟಗಳನ್ನು ಬಿಟ್ಟರೆ ಗೋಡೆಯಾಚೆಯವರು ಯಾರೆಂದು ಕಣ್ಣಾರೆ ನೋಡುವ ದಾರಿಯಿಲ್ಲ. ಲೈಟಕ್ಕ ಸೆರಗಿಗೆ ಕೈ ಒರೆಸಿಕೊಂಡು ಮ್ಯಾನೇಜರ್ ಮುಂದೆ ನಿಲ್ಲುತ್ತಾರೆ.

"ಕೂತ್ಕೊಳ್ಳಿ ಅಮ್ಮಾ, ಬೇಡ ಅಂದೋರ್ಯಾರು? ಇಬ್ಬರಿಗೆ ಪಾಸ್ ಕೊಡ್ತೀನಿ. ಆದ್ರೆ ಆಟ ಬಿಟ್ಟ ಮೇಲೆ ಗುಡಿಸೋರು ಯಾರು?"

"ನಾನಿದೀನಲ್ಲ ಸಾರ್," ಎಂದು ಗೇಟಿನವನು ಬಾಗಿಲಿಂದ ಇಣುಕುತ್ತಾನೆ.

"ನಿನ್ನ ಸೊಂಟ ನೋವು?"

"ಅದು ಎತ್ತೋ ಕೆಲಸಕ್ಕೆ ಬರೋ ನೋವು ಸಾರ್. ಗುಡಿಸೋಕೆ ಬರಲ್ಲ."

ಮ್ಯಾನೇಜರ್ ನಗು ತಡೆದುಕೊಂಡು ಪಾಸ್ ಬರೆಯುತ್ತಾರೆ. ಇನ್ನೊಂದು ಸೀಟಿಗೆ ಯಾರು ಎಂದು ಕೇಳಿದರೆ, "ನನ್ನ ಚೀಲ" ಎಂಬ ಉತ್ತರ.

ಎಷ್ಟೋ ವರ್ಷ ಒರೆಸಿದ ಸೀಟಿನಲ್ಲಿ ಲೈಟಕ್ಕ ಮೊದಲ ಸಲ ಕೂರುತ್ತಾರೆ. ತುದಿಯಲ್ಲಿ ಕೂತು, ಆಮೇಲೆ ಮೆಲ್ಲಗೆ ಒರಗುತ್ತಾರೆ. ಪಕ್ಕದ ಸೀಟು ತೊಂದರೆ ಕೊಡುತ್ತದೆ. ಚೀಲಕ್ಕೆ ಭಾರವಿಲ್ಲ, ಇಟ್ಟ ಕೂಡಲೇ ಸೀಟು ಮಡಚಿಕೊಂಡು ಚೀಲವನ್ನು ನುಂಗುತ್ತದೆ. ಕೊನೆಗೆ ಒಂದು ಕೈಯಲ್ಲಿ ಅದನ್ನು ಅದುಮಿ ಹಿಡಿದುಕೊಂಡೇ ಸಿನಿಮಾ ನೋಡುತ್ತಾರೆ.

ಪರದೆಯ ಮೇಲೆ ನಾಯಕಿ ಕಿಂಡಿಯ ಮುಂದೆ ಒಬ್ಬಳೇ ಊಟಕ್ಕೆ ಕೂರುತ್ತಾಳೆ. ಬೂದು ಕೋಟಿನ ಹುಡುಗರು ಉಸಿರು ಬಿಗಿಹಿಡಿಯುತ್ತಾರೆ. "ಇಷ್ಟಕ್ಕೆಲ್ಲ ಭಯ ಪಡ್ತಾರಲ್ಲ," ಎಂದು ಲೈಟಕ್ಕ ಚೀಲಕ್ಕೆ ಹೇಳುತ್ತಾರೆ.

ಹೆಸರುಗಳು ಏಳುತ್ತವೆ. ಹೆಬ್ಬೆರಳು ತನ್ನಷ್ಟಕ್ಕೆ ಸೀಟಿನ ಕೈಯಾಸರೆಯ ಮೇಲೆ ಸ್ವಿಚ್ಚು ಹುಡುಕುತ್ತದೆ. ಆಮೇಲೆ ಅದೇ ದೃಶ್ಯ, ಅದೇ ಗೋಡೆ, ಅದೇ ಸದ್ದು. ಈ ಸಲ ಕೂಗುವವರ ನಡುವೆ ಲೈಟಕ್ಕನ ಗಂಟಲೂ ಇದೆ.

ದೀಪ ಹತ್ತುತ್ತದೆ. ಜನರೆಲ್ಲ ಹೋದ ಮೇಲೂ ಅವರು ಏಳುವುದಿಲ್ಲ. ಗೇಟಿನವನು ಪೊರಕೆ ಹಿಡಿದು ಸಾಲು ಸಾಲಾಗಿ ಇಳಿದು ಬರುತ್ತಾನೆ.

"ಗೊತ್ತಾಯ್ತಾ ಅಕ್ಕಾ, ಯಾರು ಅಂತ?"

"ಮೈಕಲ್ಲಿ ಹುಕುಂ ಕೊಡ್ತಿದ್ದೋನೇ ಅಲ್ವೇನೋ! ಊರಿಗೆಲ್ಲ ಮಾತಾಡಬೇಡಿ ಅಂತ ಹೆದರಿಸ್ತಿದ್ದೋನು. ಅವನಿಗೂ ಒಂದೇ ಕೋಣೆ, ಅವನೂ ಒಬ್ಬನೇ." ಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳುತ್ತಾರೆ: "ಇವತ್ತು ಪಕ್ಕದ ಮನೆಯವರನ್ನ ಮಾತಾಡಿಸ್ತೀನಿ ಕಣೋ. ಗೋಡೆ ಅಲ್ಲ, ಬಾಗಿಲೇ ತಟ್ತೀನಿ. ಟೀವಿ ಸೌಂಡ್ ಮೊದಲಿನ ಹಾಗೇ ಇಡಿ ಅಂತ ಕೇಳ್ಕೋಬೇಕು. ಅಷ್ಟೇ ನನ್ನ ಆಸೆ."

"ಸೌಂಡ್ ಜಾಸ್ತಿ ಮಾಡಿ ಅಂತ ಜಗಳಕ್ಕೆ ಹೋಗೋಳು ಲೋಕದಲ್ಲಿ ನೀನೊಬ್ಳೇ ಕಣಕ್ಕಾ. ಸರಿ, ಕಾಲೆತ್ತು."

ದಿನಾ ಎಲ್ಲರಿಗೂ ತಾವೇ ಹೇಳುವ ಮಾತದು. ಲೈಟಕ್ಕ ಒಂದು ಕ್ಷಣ ಅವನ ಮುಖ ನೋಡುತ್ತಾರೆ. ಆಮೇಲೆ ಎರಡೂ ಕಾಲು ಮೇಲಕ್ಕೆತ್ತಿ, ಪೊರಕೆ ಕೆಳಗೆ ಹಾದುಹೋಗುವವರೆಗೂ ಹಾಗೇ ಹಿಡಿದಿರುತ್ತಾರೆ.