ತೊಟ್ಟಿಯಣ್ಣನ ಮೈಕಾವು

ಹವಾಮಾನ ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ದುಂಡನೆಯ ನೀರಿನ ತೊಟ್ಟಿಯೊಂದು ತಿರುಗುತ್ತಿರುತ್ತದೆ. ಅದನ್ನು ನೋಡಿಕೊಳ್ಳುವವನಿಗೆ ತೊಟ್ಟಿಯಣ್ಣ ಎಂದೇ ಹೆಸರು. ತೊಟ್ಟಿಯೆಂದರೆ ಭೂಮಿ. ನಡುವಿನ ತಣ್ಣೀರಿನ ಪಾತ್ರೆ ಧ್ರುವ, ಬೆಚ್ಚಗಿನ ಹೊರಗೋಡೆ ಸಮಭಾಜಕ ವೃತ್ತ. ಎರಡರ ನಡುವಿನ ನೀರಿಗೆ ಬಣ್ಣ ಬಿಟ್ಟರೆ ಅದು ಅಲೆಅಲೆಯಾಗಿ ಬಳುಕುತ್ತಾ ಸುತ್ತುತ್ತದೆ. ಆಕಾಶದಲ್ಲಿ ಗಾಳಿಯೂ ಹೀಗೇ ಸುತ್ತುವುದಂತೆ. ಧ್ರುವ ತುಸುತುಸುವೇ ಬೆಚ್ಚಗಾದರೆ ಆ ಅಲೆ ಏನಾದೀತು ಎಂಬುದೇ ಅಲ್ಲಿನ ವಿಜ್ಞಾನಿ ಮೇಡಂ ಅವರ ಪ್ರಶ್ನೆ.

ಮೊದಲೆಲ್ಲ ಬಣ್ಣ ಬಿಡುವುದು, ಅಲೆ ನೋಡುವುದು ತೊಟ್ಟಿಯಣ್ಣನ ಕೆಲಸ. ಆಮೇಲೆ ಬಣ್ಣಕ್ಕೆ ಯಂತ್ರ ಬಂತು, ನೋಡುವುದಕ್ಕೆ ಕ್ಯಾಮೆರಾ ಬಂತು. ಬಿಡುಗಡೆಯಾಯಿತೆಂದು ಅವನು ಹಿರಿಹಿರಿ ಹಿಗ್ಗಿದ. ಹೆಂಡತಿ ದೂರದ ಊರಿನಲ್ಲಿ ಟೀಚರು, ಮಗಳೂ ಅಲ್ಲೇ. ಆ ಊರಿಗೆ ವರ್ಗ ಕೊಡಿ ಎಂದು ಕೇಳಿದ.

"ಅಯ್ಯೋ, ನೀವು ಹೋದ್ರೆ ಹೇಗೆ?" ಎಂದರು ಮೇಡಂ. "ಕೂತ ಮನುಷ್ಯನ ಮೈಯಿಂದಲೂ ಕಾವು ಬರುತ್ತೆ. ಇಷ್ಟು ವರ್ಷ ಅದನ್ನೂ ಸೇರಿಸ್ಕೊಂಡೇ ಅಳತೆ ಮಾಡಿದೀವಿ. ನೀವಿಲ್ಲದಿದ್ರೆ ಹಳೇದಕ್ಕೂ ಹೊಸದಕ್ಕೂ ತಾಳೆ ಆಗಲ್ಲ. ಒಂದು ವರ್ಷ ತಡ್ಕೊಳ್ಳಿ."

"ಬೇರೆ ಯಾರನ್ನಾದ್ರೂ ಕೂರಿಸಿ ಮೇಡಂ."

"ಬೇರೆಯವರ ಮೈ ಬೇರೆ ಅಲ್ವೇ?"

ಆ ಒಂದು ವರ್ಷ ಮರಿ ಹಾಕುತ್ತಲೇ ಹೋಯಿತು. ಪ್ರಯೋಗ ನಡೆಯುವಾಗ ಬಾಗಿಲು ತೆರೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ಎದ್ದು ಓಡಾಡುವಂತಿಲ್ಲ. ಕುರ್ಚಿ ಜರುಗಬಾರದೆಂದು ಅದರ ಕಾಲುಗಳನ್ನು ನೆಲಕ್ಕೆ ಬಿಗಿದಿದ್ದರು. ಇಡೀ ಭೂಮಿ ಕಣ್ಣೆದುರು ಸುತ್ತುತ್ತಿದ್ದರೂ ಇವನು ಮಾತ್ರ ಅಲ್ಲಾಡಕೂಡದು. ಉಸಿರು ಕಟ್ಟಿದಂತಾಗುತ್ತಿತ್ತು. ಫೋನಿನಲ್ಲಿ "ಅಪ್ಪಾ, ಯಾವಾಗ ಬರ್ತೀಯ?" ಎಂದು ಪೀಡಿಸುತ್ತಿದ್ದ ಮಗಳು ಈಗೀಗ "ಇರು, ಅಮ್ಮನಿಗೆ ಕೊಡ್ತೀನಿ" ಎನ್ನತೊಡಗಿದ್ದಳು. ಅಂಥ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಮೇಡಂ ಕೆಟ್ಟವರೇನಲ್ಲ. ಭೂಮಂಡಲದ ಚಿಂತೆ ತಲೆಗೆ ಹತ್ತಿದವರಿಗೆ ಪಕ್ಕದಲ್ಲಿ ಕೂತವನ ಸಂಸಾರ ಕಾಣುವುದಿಲ್ಲ, ಅಷ್ಟೇ.

ಒಮ್ಮೆ ತೊಟ್ಟಿಯಣ್ಣ ಜ್ವರ ಬಂದು ಮಲಗಿಬಿಟ್ಟ. ಪ್ರಯೋಗ ಕೆಟ್ಟಿತೇನೋ ಎಂದು ಅಳುಕುತ್ತಾ, ಮೈ ಪೂರ್ತಿ ಸರಿಹೋಗುವ ಮೊದಲೇ ಓಡಿಬಂದ. ನೋಡಿದರೆ ಅವನ ಕುರ್ಚಿಯ ಮೇಲೆ ತಗಡಿನ ಡಬ್ಬವೊಂದು ಕೂತಿತ್ತು.

"ಒಳಗೆ ನೂರು ವ್ಯಾಟಿನ ಬಲ್ಬು," ಎಂದರು ಮೇಡಂ, ಮುಖವರಳಿಸಿ. "ಕೂತ ಮನುಷ್ಯನ ಕಾವು ಹೆಚ್ಚುಕಡಿಮೆ ಅಷ್ಟೇ ತಾನೆ? ಸರಿಯಾಗಿ ತಾಳೆ ಆಯ್ತು! ಇನ್ನು ನೀವು ಆರಾಮಾಗಿ ಊರಿಗೆ ಹೋಗಿ."

ಕುಣಿದಾಡಬೇಕಾದವನು ಆ ಡಬ್ಬವನ್ನೇ ನೋಡುತ್ತಾ ನಿಂತ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಕೇಳಲು ಬಾಯಿ ತೆರೆದ. ಮೇಡಂ ಆಗಲೇ ಅಂಕಿಗಳಲ್ಲಿ ಮುಳುಗಿಹೋಗಿದ್ದರು.

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. "ವರ್ಗ ಸಿಕ್ತು ಕಣೇ."

"ನಿಜವಾಗ್ಲೂ? ನಿಮ್ಮ ಜಾಗಕ್ಕೆ ಯಾರೂ ಸಿಗಲ್ಲ ಅಂತಿದ್ರಲ್ಲ!"

ಬಲ್ಬಿನ ಡಬ್ಬ ಎನ್ನಲು ಅವನಿಗೆ ನಾಚಿಕೆಯಾಯಿತು. "ಸಿಕ್ಕಿದಾನೆ ಒಬ್ಬ. ಕೂರಿಸಿದ ಕಡೆ ಕೂತಿರ್ತಾನೆ. ರಜೆ ಗಿಜೆ ಕೇಳಲ್ಲ."

"ಅಯ್ಯೋ ಪಾಪ," ಎಂದಳು ಅವಳು, "ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರಲ್ರೀ?"