ಮೊಂಜಿಯಾಳ ತಾರಸಿ, ಎಮ್ನಾಳ ತಲೆ

ಆಗಸ್ಟ್ ಬಂತೆಂದರೆ ಕಡಲತೀರದ ನಾಬುಲ್ ಊರಿನ ಕುಂಬಾರರ ಓಣಿಯಲ್ಲಿ ಮೊಂಜಿಯಾಳನ್ನು ಕೇಳದೆ ಯಾರೂ ರವೆಗೆ ನೀರು ಮುಟ್ಟಿಸುವುದಿಲ್ಲ. ವರ್ಷಕ್ಕಾಗುವಷ್ಟು ಕುಸ್ಕುಸ್ ಆಗಬೇಕು. ರವೆಗೆ ಉಪ್ಪುನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಕಾಳು ಮಾಡಿ, ಜರಡಿ ಹಿಡಿದು, ಹಬೆಯಲ್ಲಿ ಬೇಯಿಸಿ, ತಾರಸಿಯ ಮೇಲೆ ಒಣಗಿಸಬೇಕು. ಒಂದು ಹೆಜ್ಜೆ ಹಿಂದುಮುಂದಾದರೂ ಚಳಿಗಾಲದಲ್ಲಿ ಡಬ್ಬಿ ತೆರೆದವರ ಮೂಗಿಗೆ ಗೊತ್ತಾಗುತ್ತದೆ. ಓಣಿಯ ಹೆಂಗಸರೆಲ್ಲ ಕೂಡಿ ಮಾಡುವ ಈ ಕೆಲಸಕ್ಕೆ ಮೊಂಜಿಯಾಳೇ ಯಜಮಾನಿ. ಗಂಡ ತೀರಿಹೋಗಿ ಬಹಳ ಕಾಲವಾಯಿತು, ಮೊಣಕಾಲು ಮಾತು ಕೇಳುವುದಿಲ್ಲ, ನಾಲಗೆ ಮಾತ್ರ ಹರಿತ. ಊರಿಗೆಲ್ಲ ಅವಳು ‘ಖಾಲ್ತಿ’, ಅಂದರೆ ಚಿಕ್ಕಮ್ಮ.

ಇದೇ ಹೆಂಗಸನ್ನು ಮೂರನೇ ತರಗತಿಯಲ್ಲೇ ಶಾಲೆ ಬಿಡಿಸಿದ್ದರು. ಬಳಪ ಕಳೆಯುತ್ತಿದ್ದಳು, ಲೆಕ್ಕದ ದಿನ ಓದಿನ ಪುಸ್ತಕ ತರುತ್ತಿದ್ದಳು. “ಇವಳದು ತಲೆಯಲ್ಲ, ಜರಡಿ” ಎಂದು ಅಪ್ಪ ತೀರ್ಪು ಕೊಟ್ಟ. ಆಮೇಲೆ ಅಜ್ಜಿ ಇದೇ ತಾರಸಿಯ ಮೇಲೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದರ ನಂತರ ಒಂದು ಕೆಲಸ ಮಾಡುವುದನ್ನು ಕಲಿಸಿದಳು. ತಲೆ ಹಾದಿಗೆ ಬಂತು. ಶಾಲೆಯ ಬಾಗಿಲು ಮಾತ್ರ ಮತ್ತೆ ತೆರೆಯಲಿಲ್ಲ. ಯಾರೂ ಹೋಗಿ ತಟ್ಟಲೂ ಇಲ್ಲ.

ಹಾಗಾಗಿ ಪಕ್ಕದ ಮನೆಯ ಬಸ್ಮಾ ಅಳುತ್ತಾ ಬಂದು ಕೂತು ಹೇಳಿದ್ದನ್ನು ಕೇಳಿ ಮೊಂಜಿಯಾಳ ಮೈ ಉರಿಯಿತು. ಬಸ್ಮಾ ಕುಂಬಾರಿಕೆಯ ಅಂಗಡಿಯಲ್ಲಿ ತಟ್ಟೆಗಳಿಗೆ ಬಣ್ಣ ಬಳಿಯುವವಳು. ಅವಳ ಮಗಳು ಎಮ್ನಾ ನಾಲ್ಕನೇ ತರಗತಿ.

“ಎಮ್ನಾನ ಬೇರೆ ತರಗತಿಗೆ ಹಾಕ್ತಾರಂತೆ ಖಾಲ್ತಿ. ಮಂದಬುದ್ಧಿ ಮಕ್ಕಳದ್ದು. ಸೆಪ್ಟೆಂಬರಲ್ಲಿ ನಾನು ಹೋಗಿ ಹೂಂ ಅನ್ಬೇಕು.”

“ಹುಡುಗೀಗೆ ಓದೋಕೆ ಬರಲ್ವಾ?”

“ಓದ್ತಾಳೆ. ಆದ್ರೆ ಎಲ್ಲಾ ಕಳ್ಕೊಂಡು ಬರ್ತಾಳೆ, ಅರ್ಧಕ್ಕೆ ಬಿಡ್ತಾಳೆ. ಮೊನ್ನೆ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಅವರಪ್ಪನ ಬೂಟು ಹಾಕ್ಕೊಂಡು ಹೋಗಿದ್ಳು. ತಲೆ ಅಲ್ಲ ಅದು, ಜರಡಿ.”

“ಬಾಯಿ ಮುಚ್ಚು,” ಎಂದಳು ಮೊಂಜಿಯಾ. “ಸೆಪ್ಟೆಂಬರ್ ತನಕ ಹೂಂ ಅನ್ನಬೇಡ. ನಾಳೆಯಿಂದ ಹುಡುಗೀನ ನನ್ನ ತಾರಸಿಗೆ ಕಳಿಸು.”

ಮೊದಲ ದಿನವೇ ಎಮ್ನಾ ಅನಾಹುತ ಮಾಡಿದಳು. ಸಣ್ಣ ಕಾಳಿನ ಗುಡ್ಡೆ ಒಂದು ಕಡೆ, ದಪ್ಪ ಕಾಳಿನದು ಇನ್ನೊಂದು ಕಡೆ ಇತ್ತು. ಬೆಕ್ಕೊಂದು ಗೋಡೆ ಹಾರಿದ್ದನ್ನು ನೋಡುತ್ತಾ ಎರಡನ್ನೂ ಒಂದೇ ಬೋಗುಣಿಗೆ ಸುರಿದುಬಿಟ್ಟಳು. ಒಟ್ಟಿಗೆ ಬೇಯಿಸಿದರೆ ಸಣ್ಣದು ಗಂಜಿ, ದಪ್ಪದು ಕಲ್ಲು.

“ಮದುವೆಯಾದ್ರೆ ಗಂಡನ್ನೂ ಮಾವನ್ನೂ ಕಲಸಿಬಿಡ್ತಾಳೆ!” ಎಂದು ಪಕ್ಕದ ತಾರಸಿಯ ಹಯೇತ್ ನಕ್ಕಳು. ಉಳಿದವರೂ ನಕ್ಕರು. ಎಮ್ನಾ ಗೋಡೆ ಕಡೆ ತಿರುಗಿ ನಿಂತಳು.

ಮೊಂಜಿಯಾ ನಗಲಿಲ್ಲ, ಬೈಯಲೂ ಇಲ್ಲ. ಮತ್ತೆ ಜರಡಿ ಹಿಡಿಯಲು ಕೂತಳು. “ಬಾ ಇಲ್ಲಿ ಮಗಳೇ. ಕೈ ಆಡಿಸೋ ಮುಂಚೆ ಬಾಯಲ್ಲಿ ಹೇಳು. ಕೈಯಲ್ಲಿ ಏನಿದೆ? ಎಲ್ಲಿಗೆ ಹೋಗುತ್ತೆ? ಆಮೇಲೇನು?”

“ಸಣ್ಣದಿದೆ. ಬಿಳಿ ಬಟ್ಟೆಗೆ ಹೋಗುತ್ತೆ. ಆಮೇಲೆ... ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಕೈ ನಿಲ್ಲಲಿ. ಗೊತ್ತಾದ್ಮೇಲೆ ಹೋಗಲಿ.”

ನೀಟಾಗಿರು, ಜೋಡಿಸಿಡು, ಗಮನ ಕೊಡು ಎಂದು ಮಕ್ಕಳ ಮೇಲೆ ಕಿರುಚುವ ಮಹನೀಯರೇ, ಹೇಗೆ ಅಂತ ಒಂದು ದಿನವಾದರೂ ಪಕ್ಕದಲ್ಲಿ ಕೂತು ತೋರಿಸಿದ್ದೀರಾ? ಹಣೆಯ ಹಿಂದೆ ಇರುವ ಮಿದುಳಿನ ಭಾಗವೇ ಮುಂದಿನದನ್ನು ಯೋಚಿಸುವುದು, ಒಂದನ್ನು ಹಿಡಿದಿಟ್ಟುಕೊಂಡು ಇನ್ನೊಂದನ್ನು ತಡೆಯುವುದು. ಅದು ಬಲಿಯುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ ಎಂದು ಮಿದುಳು ಓದಿದವರೇ ಹೇಳುತ್ತಾರೆ. ಮಾಡಿ ಮಾಡಿ ಪಳಗಿದ ದಾರಿ ಅದರಲ್ಲಿ ಗಟ್ಟಿಯಾಗುತ್ತದೆ. ಹತ್ತು ವರ್ಷದ ಮಗುವಿನ ಹತ್ತಿರ ಇನ್ನೂ ಬೆಳೆಯದ್ದನ್ನು ಕೇಳಿ, ಕೊಡದಿದ್ದಕ್ಕೆ ಮಂದಬುದ್ಧಿ ಎಂದು ಹೆಸರಿಡುತ್ತೀರಲ್ಲ, ನಾಚಿಕೆ ಆಗುವುದಿಲ್ಲವೇ? ರವೆಗೆ ಕೊಡಬಾರದಷ್ಟು ನೀರನ್ನು ಒಮ್ಮೆಲೇ ಸುರಿದು, ಕಾಳಾಗಲಿಲ್ಲ, ಮುದ್ದೆಯಾಯಿತು ಎಂದು ರವೆಯನ್ನು ಬೈದ ಹಾಗಾಯಿತು.

ಮೊಂಜಿಯಾ ಮಾತ್ರ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಹೋದಳು. ಮೊದಲು ಎಮ್ನಾ ಜೋರಾಗಿ ಹೇಳಿಕೊಂಡು ಮಾಡುತ್ತಿದ್ದಳು. ಆಮೇಲೆ ಪಿಸುಗುಟ್ಟಿದಳು. ಆಮೇಲೆ ಬರೀ ತುಟಿ ಅಲ್ಲಾಡುತ್ತಿತ್ತು. ಬೆಕ್ಕು ಬಂದರೂ ನೋಡಿ, ಮತ್ತೆ ಕೈಯಲ್ಲಿದ್ದುದಕ್ಕೆ ಮರಳುತ್ತಿದ್ದಳು. ಅಷ್ಟು ಸಾಕಾಗಿತ್ತು ಮೊಂಜಿಯಾಳಿಗೆ.

ಕೊನೆಯ ದಿನ ಬಸ್ಮಾಳ ಮನೆಯದೂ ಸೇರಿ ಎಲ್ಲರ ಕುಸ್ಕುಸ್ ಬಟ್ಟೆಗಳ ಮೇಲೆ ತಾರಸಿ ತುಂಬ ಹರಡಿತ್ತು. ಮೊಂಜಿಯಾ ಕೆಳಗೆ ಅಂಗಳದಲ್ಲಿ ಹಬೆಯ ಪಾತ್ರೆ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಸಮುದ್ರದ ಕಡೆಯಿಂದ ಕಪ್ಪು ಮೋಡ ನುಗ್ಗಿತು. ಮೇಲೆ ಹಾಹಾಕಾರ. ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆಯನ್ನೇ ಎಳೆದರು. ಮೆಟ್ಟಿಲ ಬಾಯಲ್ಲಿ ಇಬ್ಬರು ಸಿಕ್ಕಿಕೊಂಡರು, ಯಾರದೂ ಕೆಳಗಿಳಿಯಲಿಲ್ಲ. ಮೊಂಜಿಯಾ ಎದ್ದಳು, ಮೊಣಕಾಲು ಕುಸಿಯಿತು. ಕೂಗಿ ಹೇಳೋಣವೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಮೇಲಿಂದ ಒಂದು ಎಳೆ ದನಿ ಕೇಳಿತು.

“ನಿಲ್ಲಿ! ಯಾರದ್ದು ಅಂತ ನೋಡ್ಬೇಡಿ! ಒಣಗಿದ್ದು ಮೊದಲು! ಹಯೇತ್ ಖಾಲ್ತಿ, ಮೂಲೇದು ಹಿಡೀರಿ. ಅರ್ಧ ಒಣಗಿದ್ದು ಆಮೇಲೆ, ಮಲಗೋ ಕೋಣೆಗೆ.”

“ನಮ್ಮದು ಹೋಗುತ್ತಲ್ಲೇ!” ಬಸ್ಮಾ ಅಳುಬುರುಕು ದನಿಯಲ್ಲಿ ಕೂಗಿದಳು.

“ಅಮ್ಮಾ, ನಮ್ಮದು ಈಗಷ್ಟೇ ಹಬೆಯಿಂದ ಬಂದದ್ದು, ಹೇಗೂ ಹಸಿ. ನಾಲ್ಕು ಹನಿ ಬಿದ್ರೆ ಸಾಯಲ್ಲ. ಕೈ ಬಿಡು, ದಾರಿ ಬಿಡು!”

ಮೊಂಜಿಯಾ ತೆರೆದ ಬಾಯಿ ಮುಚ್ಚಿಕೊಂಡಳು. ಬಟ್ಟೆಗಳು ಒಂದರ ಹಿಂದೆ ಒಂದು ಇಳಿದವು. ಒಣಗಿದ್ದು, ಅರ್ಧ ಒಣಗಿದ್ದು, ಕೊನೆಗೆ ಬಸ್ಮಾಳ ಹಸಿ ಗಂಟು. ಮಳೆ ಧೋ ಎಂದು ಸುರಿದಾಗ ತಾರಸಿಯಲ್ಲಿ ಉಳಿದಿದ್ದು ಒಂದು ಜೊತೆ ಚಪ್ಪಲಿ ಮಾತ್ರ. ಎಮ್ನಾಳದು.

“ಚಪ್ಪಲಿ ಮರೆತ್ಯಲ್ಲೇ ಯಜಮಾನಿ!” ಹಯೇತ್ ಛೇಡಿಸಿದಳು.

“ಅದು ಪಟ್ಟಿಯ ಕೊನೇಲಿತ್ತು,” ಎಂದಳು ಎಮ್ನಾ ಏದುಸಿರು ಬಿಡುತ್ತಾ. ಈ ಸಲ ಅವಳೂ ನಕ್ಕಳು.

ಸೆಪ್ಟೆಂಬರಿನಲ್ಲಿ ಬಸ್ಮಾ ಶಾಲೆಗೆ ಹೋದಳು. ಮೇಷ್ಟ್ರು ಲೊತ್ಫಿ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ಒಪ್ಪಿಗೆ ಇಲ್ಲ ಮೇಷ್ಟ್ರೇ. ನನ್ನ ಮಗಳು ಅವಳ ತರಗತೀಲೇ ಕೂರ್ತಾಳೆ.”

“ನಿಮ್ಮ ಒಳ್ಳೇದಕ್ಕೇ ಹೇಳಿದ್ದಮ್ಮಾ. ಮತ್ತೆ ಹಿಂದೆ ಬಿದ್ರೆ?”

“ಬಿದ್ರೆ ಗದರಬೇಡಿ. ಕೈಯಲ್ಲಿ ಏನಿದೆ, ಆಮೇಲೇನು ಅಂತ ಕೇಳಿ. ಅಷ್ಟು ಮಾಡಿ, ಉಳಿದದ್ದು ಅವಳು ನೋಡ್ಕೋತಾಳೆ.”

ಲೊತ್ಫಿ ತಲೆಯಾಡಿಸಿದರು. ಚಳಿಗಾಲದ ಪರೀಕ್ಷೆವರೆಗೆ ನೋಡೋಣ ಎಂದರು, ನೋಡಿದರು, ಬಸ್ಮಾ ಹೇಳಿದ ಹಾಗೆ ಎಮ್ನಾಳನ್ನು ಕೇಳಿದರು ಕೂಡ. ಫಲಿತಾಂಶದ ದಿನ ಎಮ್ನಾ ಮೊದಲಿಗಳೇನೂ ಆಗಲಿಲ್ಲ. ನಡುವಿನ ಸಾಲಲ್ಲಿ ತೇರ್ಗಡೆಯಾದಳು. ಕೂತ ಬೆಂಚಿನಿಂದ ಅವಳನ್ನು ಎಬ್ಬಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎರಡೂ ಕಾಲಿಗೆ ತನ್ನದೇ ಚಪ್ಪಲಿ ಹಾಕಿಕೊಂಡು ಅವಳು ಓಣಿಗೆ ತಿರುಗುವಾಗ ಮೊಂಜಿಯಾ ತಾರಸಿಯ ಮೇಲೆ ಕಾಯುತ್ತಿದ್ದಳು. ಯಾರ ಕೈ ಹಿಡಿದು ಹತ್ತಿದಳೋ. ಓಣಿಯಲ್ಲಿ ಮಗು ಪಾಸಾದರೆ ಮನೆಯ ಹೆಂಗಸರು ನಾಲಗೆ ಆಡಿಸಿ ಜಯಕಾರ ಕೂಗುತ್ತಾರೆ. ಮೊಂಜಿಯಾಳಿಗಾಗಿ ಯಾರೂ ಎಂದೂ ಕೂಗಿರಲಿಲ್ಲ. ಬಸ್ಮಾ ಬಾಯಿ ತೆರೆಯುವ ಮೊದಲೇ ಆ ಮುದುಕಿಯ ಗಂಟಲಿನಿಂದ ಕೂಗು ಹೊರಟಿತು, ಉದ್ದಕ್ಕೆ, ಉಸಿರು ಮುಗಿಯುವವರೆಗೆ. ಪಕ್ಕದ ತಾರಸಿಯಿಂದ ಹಯೇತ್ ದನಿಗೂಡಿಸಿದಳು, ಆಮೇಲೆ ಓಣಿಗೆ ಓಣಿಯೇ.